ಯಾರದೂ ತಕರಾರಿಲ್ಲದಿದ್ದರೆ

ದೊಡ್ಡಮ್ಮನಿಗೆ ಆ ಹೆಸರು ಬಂದದ್ದು ಮನೆಯ ಮಕ್ಕಳಿಂದಲ್ಲ, ಅವಳ ಮುಖವನ್ನೇ ಕಾಣದ ಕಂಪ್ಯೂಟರ್ ಮಂದಿಯಿಂದ. ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಲೆಕ್ಕ ನೋಡುವ ಈಕೆ, ಆ ಲೆಕ್ಕ ಸಲೀಸಾಗಲೆಂದು ಒಂದು ಕಾಲದಲ್ಲಿ ಪುಟ್ಟದೊಂದು ಪ್ರೋಗ್ರಾಮಿಂಗ್ ಭಾಷೆ ಕಟ್ಟಿದಳು. ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಲಿ, ತಿದ್ದಲಿ ಎಂದು ಪುಕ್ಕಟೆ ಬಿಟ್ಟಳು. ಅಲ್ಲಿಗೆ ಶುರುವಾಯಿತು ನೋಡಿ ಗ್ರಹಚಾರ. ಬಳಸುವವರು ಸಾವಿರಾರು ಮಂದಿಯಾದರು, ಅದು ಬೇಕು ಇದು ಬೇಕು ಎನ್ನುವವರು ಅದಕ್ಕಿಂತ ಹೆಚ್ಚು. ಕೈಜೋಡಿಸುವವರು ಮಾತ್ರ ಬೆರಳೆಣಿಕೆ.

ಜಗಳ ತಪ್ಪಲಿ ಎಂದು ಅವಳೇ ಒಂದು ನಿಯಮ ಮಾಡಿದ್ದಳು. ಯಾರೇ ಏನೇ ಸೂಚಿಸಲಿ, ವಾರದೊಳಗೆ ಒಬ್ಬರೂ ತಕರಾರು ಎತ್ತದಿದ್ದರೆ ಅದು ಪಾಸು. ಒಬ್ಬರೇ ಒಬ್ಬರು ಎತ್ತಿದರೂ ಅದು ಅಲ್ಲಿಗೇ ನಿಲ್ಲಬೇಕು.

ಈ ಸಲ ಮುಂದಿನ ಆವೃತ್ತಿಗೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಬರೆಯಲು ಕೂತಾಗ ಅವಳ ಕುತ್ತಿಗೆ ಸೆಟೆದುಕೊಂಡಿತ್ತು. ರಜೆಯ ಬೆಳಿಗ್ಗೆ. ಮುಂದಿನ ಕೋಣೆಯಲ್ಲಿ ದರ್ಜಿ ಗಂಡನ ಹೊಲಿಗೆ ಯಂತ್ರ ಕಟಕಟ ಎನ್ನುತ್ತಿತ್ತು. ಹಳೇ ದೋಷಗಳ ದುರಸ್ತಿ ಮೊದಲು, ಎಂದು ಬರೆದಳು. ಆಮೇಲೆ, ತಪ್ಪು ತೋರಿಸುವ ಸಂದೇಶಗಳು ಮನುಷ್ಯರಿಗೆ ಅರ್ಥವಾಗುವಂತಿರಬೇಕು. ಪ್ರೋಗ್ರಾಮ್ ಇನ್ನೂ ವೇಗವಾಗಿ ಓಡುವ ಮಾತು ನಿಧಾನಕ್ಕೆ ನೋಡೋಣ. ಕೊನೆಗೆ ಏನನ್ನಿಸಿತೋ ಏನೋ, ಇನ್ನೊಂದು ಸಾಲು ಸೇರಿಸಿದಳು: ಈ ಆವೃತ್ತಿಯಿಂದ, ನಾನು ಹೊಣೆ ಬಿಡುತ್ತೇನೆ.

ಬಿಡಬೇಕೆಂಬುದು ನಿಜ. ಕಂಡವರ ಬೈಗುಳ ಓದಿ ಓದಿ ಜೀವ ಹಣ್ಣಾಗಿತ್ತು. ಆದರೆ ಯಾರಾದರೂ ಒಬ್ಬರು, ಒಂದೇ ಒಂದು ಸಲ, "ಬೇಡ ದೊಡ್ಡಮ್ಮ" ಅನ್ನಲಿ ಎಂಬ ಆಸೆಯೂ ಅಷ್ಟೇ ನಿಜ.

ಪಟ್ಟಿಯನ್ನು ಎಲ್ಲರೂ ನೋಡುವಂತೆ ಅಂತರ್ಜಾಲದಲ್ಲಿ ಹಾಕಿದ್ದೇ, ವಾರವಿಡೀ ಚರ್ಚೆ ಕಾವೇರಿತು. ತಪ್ಪಿನ ಸಂದೇಶ ಕೆಂಪಗಿರಬೇಕೋ ಹಳದಿಯೋ ಎಂದು ಕಾಲೇಜು ಮೇಷ್ಟ್ರೊಬ್ಬರು ಪುಟಗಟ್ಟಲೆ ಬರೆದರು. ವೇಗ ಎಂದರೆ ಪ್ರಾಣ ಬಿಡುವ, ಎಲ್ಲರೂ ಅವಸರದಣ್ಣ ಎಂದು ಕರೆಯುವ ಆಸಾಮಿ, ವೇಗವನ್ನು ಹಿಂದಕ್ಕೆ ಹಾಕಿದ್ದಕ್ಕೆ ಹಾರಾಡಿದ. ಕೊನೆಯ ಸಾಲಿನ ಬಗ್ಗೆ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ದೊಡ್ಡಮ್ಮ ಕಚೇರಿಯಲ್ಲಿ ಲೆಕ್ಕದ ನಡುವೆ ಕದ್ದು ಕದ್ದು ಫೋನ್ ನೋಡುತ್ತಿದ್ದಳು.

"ಅವರು ಅಷ್ಟುದ್ದ ಓದೇ ಇಲ್ಲ ಕಣೆ," ಅಂದ ಗಂಡ, ಸೂಜಿಗೆ ದಾರ ಪೋಣಿಸುತ್ತಾ.

"ಓದಿದಾರೆ ರೀ. ಮೇಷ್ಟ್ರು ಅದೇ ಸಾಲಿನಲ್ಲಿ ಅಲ್ಪವಿರಾಮ ಬೇಡ ಅಂತ ತಿದ್ದಿದಾರೆ."

ಗಂಡನಿಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡ.

ವಾರ ಮುಗಿಯಿತು. ಸಾಲು ಪಾಸಾಯಿತು. ತಾನೇ ಮಾಡಿದ ನಿಯಮ, ಯಾರನ್ನು ಬೈಯುವುದು? ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅವಳು ಮನಸಾರೆ ಅತ್ತಳು.

ಮುಖ ತೊಳೆದು ಬರುವಷ್ಟರಲ್ಲಿ ಅವಸರದಣ್ಣನ ಹೊಸ ಸೂಚನೆ ಬಂದು ಕೂತಿತ್ತು. "ಬೇರೆಯವರು ಸಿಗೋವರೆಗೂ ಎಲ್ಲ ಕೆಲಸ ದೊಡ್ಡಮ್ಮನೇ ನೋಡ್ಕೊಳ್ಳಲಿ. ಹೊಣೆಗಾರರು ಅಂತ ಹೆಸರು ಇಲ್ಲದಿದ್ರೂ ಪರವಾಗಿಲ್ಲ. ಹಾಗೇ ವೇಗದ ಕೆಲಸ ಮೊದಲು ಮುಗಿಸಲಿ." ಕೆಳಗೆ ಮೇಷ್ಟ್ರು: "ಒಳ್ಳೇ ಯೋಚನೆ." ಅದರ ಕೆಳಗೆ ಮೆಚ್ಚುಗೆಯ ಹೆಬ್ಬೆರಳುಗಳ ಸಾಲೇ ಸಾಲು. ವಾರವಿಡೀ ಬಾಯಿಗೆ ಬೀಗ ಹಾಕಿಕೊಂಡಿದ್ದ ಮಹಾನುಭಾವರೆಲ್ಲ ಅಲ್ಲಿದ್ದರು.

"ಏನಂತೆ?" ಗಂಡ ಕೇಳಿದ.

"ಹೆಸರು ಹೋಯ್ತು, ಚಾಕರಿ ಉಳೀತು."

ಅವಳು ಕುರ್ಚಿ ಎಳೆದುಕೊಂಡು ಕೂತದ್ದು ನೋಡಿ, ಮತ್ತೆ ಶುರುವಾಯಿತು ಅಂದುಕೊಂಡು ಅವನು ಯಂತ್ರದ ಕಡೆ ತಿರುಗಿದ. ಇಷ್ಟು ವರ್ಷಗಳಲ್ಲಿ ಅವಳು ಎಲ್ಲರ ತಕರಾರು ಕೇಳಿದ್ದಳೇ ಹೊರತು ತಾನೊಂದನ್ನೂ ಎತ್ತಿದವಳಲ್ಲ. ಎತ್ತಿದರೆ ದರ್ಬಾರು ಮಾಡುತ್ತಾಳೆ ಅಂದಾರು ಎಂಬ ಅಳುಕು. ಈಗ ಆ ಹೆಬ್ಬೆರಳುಗಳ ಕೆಳಗೆ, ಒಂದೊಂದೇ ಅಕ್ಷರ ಒತ್ತಿ ಬರೆದಳು.

"ನನ್ನ ತಕರಾರಿದೆ."

ಕಾರಣ ಬರೆಯಲಿಲ್ಲ. ಕಾರಣ ಕೊಡಬೇಕೆಂದು ನಿಯಮದಲ್ಲಿ ಎಲ್ಲೂ ಇರಲಿಲ್ಲ.