ಓಬಕ್ಕನ ಗಾರೆಗೆ ಒಗ್ಗದ ಕಿಂಡಿ

ಬೆಳಗಿನ ಮಬ್ಬು ಇನ್ನೂ ಹರಿದಿಲ್ಲ. ದಾವಣಗೆರೆಯ ಹಳೆಯ ಮಿಲ್ಲಿನ ಲೈನ್ ಮನೆಗಳಲ್ಲಿ, ಮಹಡಿಯ ಅಡುಗೆಮನೆಯೊಂದರಲ್ಲಿ ಓಬಕ್ಕ ಗಾರೆ ಮೆತ್ತುವ ಕರಣೆ ಹಿಡಿದು ಕೂತಿದ್ದಾರೆ. ಒಲೆ ಹೊತ್ತಿಸಿಲ್ಲ. ಆದರೂ ಒಲೆಯ ಹಿಂದಿನ ಗೋಡೆಗೆ ಅಂಗೈ ಇಟ್ಟರೆ ಬೆಚ್ಚಗಿದೆ. ನಿನ್ನೆ ಸಂಜೆ ಅಲ್ಲಿನ ಕಿಂಡಿಗೆ ಮೆತ್ತಿ, ಒದ್ದೆ ಗೋಣಿ ಹೊದಿಸಿದ್ದ ಗಾರೆ ಬೆಳಗಾಗುವಷ್ಟರಲ್ಲಿ ಕಟಕು ರೊಟ್ಟಿಯಂತೆ ಒಣಗಿ ಬಿರಿದಿದೆ. ಗೋಡೆಯ ಆಚೆ ದುರುಗಮ್ಮನ ಮನೆ. ದುರುಗಮ್ಮ ತೀರಿಕೊಂಡು ಎರಡು ವರ್ಷವಾಯಿತು. ಆಮೇಲೆ ಅಲ್ಲಿ ಯಾರೂ ಬೆಂಕಿ ಹಚ್ಚಿಲ್ಲ.

“ಮತ್ತ ಬಿಟ್ಟೈತ್ರಿ. ನನ್ನ ಕೈ ಹಿಂಗ ಎಂದೂ ಸುಳ್ಳಾಗಿದ್ದಿಲ್ಲ,” ಎಂದು ನಮಗೆ ಹೇಳುತ್ತಾ ಓಬಕ್ಕ ಉದುರಿದ ಚೂರುಗಳನ್ನು ಬುಟ್ಟಿಗೆ ತುಂಬುತ್ತಾರೆ.

ಈ ಮನೆಗಳನ್ನು ಸ್ಕಾಟ್ಲೆಂಡಿನ ಎಂಜಿನಿಯರೊಬ್ಬ ತನ್ನೂರಿನ ಬೀದಿಯನ್ನು ನೆನೆಸಿಕೊಂಡು ಕಟ್ಟಿಸಿದ ಎಂದು ಇಲ್ಲಿಯವರು ಹೇಳುತ್ತಾರೆ. ಕಲ್ಲಿನ ಮುಂಭಾಗ, ಎತ್ತರದ ಕಿಟಕಿ, ಎಲ್ಲರಿಗೂ ಸೇರಿ ಒಂದೇ ಸುತ್ತುಮೆಟ್ಟಿಲು, ಎರಡು ಮನೆಗೆ ಒಂದೇ ಗೋಡೆ. ಆ ಗೋಡೆಯಲ್ಲಿ ಚಳಿ ಕಾಯಿಸಲು ಬೆಂಕಿಗೂಡು. ದಾವಣಗೆರೆಯ ಬಿಸಿಲಿಗೆ ಬೆಂಕಿಗೂಡು! ಮಿಲ್ಲಿನವರ ಹೆಂಡಂದಿರು ನಕ್ಕು, ಅದರೊಳಗೆ ಮೂರು ಕಲ್ಲಿಟ್ಟು ಅಡುಗೆ ಶುರುಮಾಡಿದರು. ಆಮೇಲೆ ಹಿಂದಿನ ಇಟ್ಟಿಗೆ ಕಿತ್ತು, ಪಕ್ಕದ ಮನೆಯ ಒಲೆಗೆ ಕಿಂಡಿ ಮಾಡಿಕೊಂಡರು. ಕೆಂಡ, ಸಾರು, ಅತ್ತೆಯ ಮೇಲಿನ ದೂರು ಎಲ್ಲವೂ ಅಲ್ಲೇ ದಾಟುತ್ತಿದ್ದವು.

ಗುತ್ತೂರಿನಿಂದ ಮದುವೆಯಾಗಿ ಬಂದ ಓಬಕ್ಕ ಇಲ್ಲಿ ಮೊದಲು ಕಂಡದ್ದು ಕಿಂಡಿಯಿಂದ ಚಾಚಿದ ದುರುಗಮ್ಮನ ಕೈಯನ್ನು. ಅದರಲ್ಲೊಂದು ಬೆಲ್ಲದ ಚೂರು. ಮಿಲ್ಲು ಮುಚ್ಚಿ ಗಂಡ ಕುಡಿತಕ್ಕೆ ಬಿದ್ದಾಗ, ಓಬಕ್ಕ ಒಲೆಗೂಡಿನೊಳಗೆ ತಲೆಯಿಟ್ಟು ಅಳುತ್ತಿದ್ದರು, ಗಂಡನಿಗೆ ಕೇಳದಂತೆ, ಗೆಳತಿಗೆ ಕೇಳುವಂತೆ. ಗಂಡ ಹೋದ ಮೇಲೆ ಗಾರೆ ಕೆಲಸಕ್ಕೆ ಕೈಹಾಕಿದರು. ಈಗ ಇಡೀ ಸಾಲಿನ ಗೋಡೆಗಳನ್ನು ರಿಪೇರಿ ಮಾಡಿ ಕಾಯುವುದೇ ಅವರು ಮನೆಗೆ ಕೊಡುವ ಬಾಡಿಗೆ. ಖಾಲಿಯಾದ ಮನೆಗಳ ಕಿಂಡಿಗಳನ್ನೆಲ್ಲ ಮುಚ್ಚಿದವರೂ ಅವರೇ. ಎಲ್ಲವೂ ಗಟ್ಟಿಯಾಗಿ ನಿಂತಿವೆ, ಇದೊಂದನ್ನು ಬಿಟ್ಟು.

ದುರುಗಮ್ಮನ ಮನೆಯನ್ನು ಮಂಡಕ್ಕಿ ವ್ಯಾಪಾರಿ ಮುನಾಫ್ ಗೋದಾಮಿಗೆ ಹಿಡಿದಿದ್ದಾರೆ. ಹೊಗೆ ತಾಗಿದರೆ ಮಂಡಕ್ಕಿ ಕೆಡುತ್ತದೆ. ಕಿಂಡಿ ಮುಚ್ಚು, ಇಲ್ಲವೇ ಮನೆ ಬಿಡು ಎಂದು ಓಬಕ್ಕನಿಗೆ ಹೇಳಿದ್ದಾರೆ ಈ ಸಾಲಿನ ಮಾಲೀಕರು. ಇವತ್ತು ಚೀಲಗಳು ಬರುತ್ತವೆ.

ಕೆಳಮನೆಯ ಕಮಲಕ್ಕ ಚಹಾ ತಂದು, ಬಿರಿದ ಗಾರೆ ನೋಡಿ ಕೆಣಕುತ್ತಾರೆ: “ನಿನ್ನ ಗೆಳತಿ ಸತ್ರೂ ಒಲಿ ಆರಿಸಿಲ್ಲ ನೋಡು!”

“ಬಾಯಿ ಮುಚ್ಚು ಮಾರಾಯ್ತಿ. ಹೆದ್ರಿಸಬ್ಯಾಡ.”

ಅಷ್ಟರಲ್ಲಿ ಗೋಡೆಯ ಆಚೆ ಬೀಗ ತೆರೆದ ಸದ್ದು. ಮುನಾಫ್ ಒಳಗೆ ಬಂದು ಗೂಡಿನ ಬಳಿ ಬಗ್ಗಿರಬೇಕು. ದನಿ ಕಿವಿಯ ಪಕ್ಕದಲ್ಲೇ ಕೇಳುತ್ತದೆ.

“ಅಕ್ಕಾ, ಒಲಿ ಹಚ್ಚೀಯೇನು? ಗೋಡಿ ಸುಡ್ತೈತೆ.”

“ಇಲ್ಲಪ್ಪ. ನೀ ಹಚ್ಚೀಯೇನು?”

ಕಮಲಕ್ಕನ ನಗು ನಿಂತಿದೆ.

ಓಬಕ್ಕ ಕರಣೆ ಕೆಳಗಿಡುತ್ತಾರೆ. ಮತ್ತೆ ಗಾರೆ ಕಲಸುವುದಿಲ್ಲ. ಕಿಂಡಿಯನ್ನು ಪೂರ್ತಿ ಬಿಡಿಸಿ, ಅಂಚು ಒರೆಸಿ, ತಗಡು ಹೊಡೆದ ಪುಟ್ಟ ಕದವೊಂದನ್ನು ಕೂರಿಸತೊಡಗುತ್ತಾರೆ. ಚೌಕಟ್ಟಿನ ಸುತ್ತ ಸುಣ್ಣದ ಗಾರೆಯನ್ನು ತೆಳ್ಳಗೆ ಎಳೆಯುತ್ತಾರೆ. ಕಿಂಡಿಯಲ್ಲಿ ಮುನಾಫರ ಅರ್ಧ ಮುಖ ಕಾಣುತ್ತದೆ, ಬೆವೆತಿದೆ.

“ಹೊಗಿ ಬರಲ್ಲ ತಾನೆ?”

“ಸುತ್ತ ಹಳೇ ಸೀರಿ ಬಟ್ಟಿ ಜಡಿದೀನಿ. ಕದ ಹಾಕಿದ್ರೆ ಗಾಳಿನೂ ಬರಲ್ಲ.”

“ಹಂಗಾರೆ ಚಿಲಕ ನನ್ನ ಕಡೆ ಇರ್ಲಿ. ನೀ ತೆಗೆದು ಒಗ್ಗರಣಿ ಹಾಕಿದ್ರೆ, ನನ್ನ ಮಾಲೆಲ್ಲ ಖಾರಮಂಡಕ್ಕಿ ಆಗಿಬಿಡ್ತೈತೆ.”

“ಹಾಕ್ಕೋ ಮಾರಾಯ. ಮಾಲಕರಿಗೆ ಮಾತ್ರ ಕಿಂಡಿ ಮುಚ್ಚೇತಿ ಅಂತ ಹೇಳು.”

ಮುನಾಫ್ ಹೇಳುತ್ತಾರೆ, ಫೋನಿನಲ್ಲಿ, ಎಲ್ಲರ ಎದುರಿಗೇ. ಮನೆ ಉಳಿಯುತ್ತದೆ.

ಸಂಜೆಗೆ ಚೀಲಗಳು ಒಳಸೇರಿವೆ, ಆಚೆ ಬೀಗ ಬಿದ್ದಿದೆ. ಚೌಕಟ್ಟಿನ ಗಾರೆ ಇನ್ನೂ ತಣ್ಣಗೆ, ಹಸಿಯಾಗಿದೆ. ಎಲ್ಲೂ ಬಿರುಕಿಲ್ಲ. ಓಬಕ್ಕ ಅದರ ಮೇಲೆ ಬೆರಳಾಡಿಸಿ ನೋಡುತ್ತಾರೆ. ಚಿಲಕ ಆಚೆ ಹೋಯಿತಲ್ಲ, ಬೇಸರವಿಲ್ಲವೇ ಎಂದು ಕೇಳಿದರೆ, ಸೆರಗಿನಿಂದ ಕೈ ಒರೆಸಿಕೊಂಡು ಸಣ್ಣಗೆ ನಗುತ್ತಾರೆ.

“ಅಲ್ಲೇ ಇರ್ಬೇಕಿತ್ತು ಬಿಡ್ರಿ. ನಾ ಎಂದೂ ದುರುಗಮ್ಮನ್ನ ಕರೆದೋಳಲ್ಲ. ಆಕಿನೇ ಮೊದ್ಲು ಕೈ ಚಾಚ್ತಿದ್ಲು.”