ಪೋರ್ಚುಗಲ್ಲಿನ ಸಮುದ್ರ ಯಾವ ಕಡೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮಾನ್ವಿಯ ಒಂದು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. ಹೊಸ ಮಾಸ್ತರ, ತಿಳಿದದ್ದು ಬೊಗಸೆಯಷ್ಟು, ಜಂಬ ಬಂಡಿ ತುಂಬ. ಸಮುದ್ರವನ್ನು ನಾನೂ ಕಂಡವನಲ್ಲ, ನನ್ನೆದುರು ಕೂತ ಮಕ್ಕಳೂ ಕಂಡವರಲ್ಲ. ಆದರೂ ಎಂಟನೇ ಕ್ಲಾಸಿಗೆ ಪೋರ್ಚುಗಲ್ ಪಾಠ ಬಂದಾಗ ನಾನೇ ಅಲ್ಲಿ ಹುಟ್ಟಿ ಬಂದವನಂತೆ ಮಾತಾಡಿದೆ. ಉತ್ತರಕ್ಕೆ ಬೆಟ್ಟ, ಮಳೆ, ದ್ರಾಕ್ಷಿ ತೋಟ. ದಕ್ಷಿಣಕ್ಕೆ ಬಿಸಿಲಿನ ಬಯಲು, ಗೋಧಿ, ತೊಗಟೆ ಸುಲಿದು ಬಾಟಲಿಯ ಬಿರಡೆ ಮಾಡುವ ಮರಗಳು. "ಬ್ಯಾಸಗಿಯಾಗ ನಮ್ಮ ಬಯಲು ಇದ್ದಂಗ" ಎಂದರೆ ಮಕ್ಕಳು ತಲೆಯಾಡಿಸುತ್ತಿದ್ದರು.

ಪುಸ್ತಕದಲ್ಲಿ ನಕಾಶೆ ಇರಲಿಲ್ಲ. ರಾಯಚೂರಿನ ಗೆಳೆಯನಿಂದ ಒಂದು ದಿನದ ಮಟ್ಟಿಗೆ ಅಟ್ಲಾಸ್ ತಂದೆ. ಆಗ ನಾವು ಮಾಸ್ತರರು ಬಿಳಿ ಕಾಗದಕ್ಕೆ ಶೇಂಗಾ ಎಣ್ಣೆ ಸವರಿ, ಅದು ಗಾಜಿನಂತೆ ಪಾರದರ್ಶಕವಾದ ಮೇಲೆ ನಕಾಶೆಯ ಮೇಲಿಟ್ಟು ಗಡಿ ತೆಗೆದುಕೊಳ್ಳುತ್ತಿದ್ದೆವು. ಹಾಗೆಯೇ ತೆಗೆದು, ಅಟ್ಲಾಸ್ ಮರಳಿಸಿ, ಆಮೇಲೆ ಚೌಕ ಹಾಕಿ ಬಟ್ಟೆಯ ಮೇಲೆ ದೊಡ್ಡದಾಗಿ ಬರೆದೆ. ಪೂರ್ವಕ್ಕೆ ನೀಲಿ ಸಮುದ್ರ, ಪಶ್ಚಿಮಕ್ಕೆ ಸ್ಪೇನ್. ನದಿಗಳೆಲ್ಲ ಪೂರ್ವಕ್ಕೆ ಹರಿದು ಸಮುದ್ರ ಸೇರಿದವು. ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಕೃಷ್ಣೆ, ತುಂಗಭದ್ರೆಗಳ ನಡುವೆ ಬೆಳೆದವರಿಗೆ ನದಿ ಎಂದರೆ ಪೂರ್ವಕ್ಕೆ ಹರಿಯುವಂಥದ್ದೇ. ಹೆಡ್‌ಮಾಸ್ತರರು ನಕಾಶೆ ನೋಡಿ ಬೆನ್ನು ತಟ್ಟಿದರು, ಬಂದವರಿಗೆ ಕಾಣಲೆಂದು ತಮ್ಮ ಕೋಣೆಯಲ್ಲೇ ತೂಗುಹಾಕಿಸಿದರು.

ಅದನ್ನೇ ಕ್ಲಾಸಿನ ಹಲಗೆಯ ಮೇಲೆ ಬರೆದು ತೋರಿಸಿದಾಗ ಒಬ್ಬ ಹಮಾಲನ ಮಗಳು, ಕ್ಲಾಸಿನಲ್ಲೇ ಚುರುಕು, ಎದ್ದು ನಿಂತಳು. "ಸಾರ್, ಸಮುದ್ರ ಪಶ್ಚಿಮಕ್ಕ ಅದರಿ. ರಾಯಚೂರಿಗಿ ನಮ್ಮ ಮಾವನ ಮನಿಗಿ ಹೋದಾಗ ಲೈಬ್ರರಿಯಾಗ ನೋಡೀನ್ರಿ."

"ನೀ ನೋಡೀದಿ, ನಾ ನೋಡಿಲ್ಲೇನು? ಸುಮ್ನ ಕುಂದರಬೇ" ಎಂದೆ. ಕ್ಲಾಸು ನಕ್ಕಿತು. ಅವಳು ಕೂತಳು.

ಆ ಭಾನುವಾರ ಬಸ್ಸು ಹತ್ತಿ ರಾಯಚೂರಿಗೆ ಹೋಗಿ ಅದೇ ಅಟ್ಲಾಸ್ ಬಿಚ್ಚಿದೆ. ಎಣ್ಣೆ ಕಾಗದ ಎರಡೂ ಕಡೆ ಒಂದೇ ಬಗೆ ಕಾಣುತ್ತದೆ. ನಾನು ಅದನ್ನು ಮಗುಚಿ ಇಟ್ಟು ಬರೆದಿದ್ದೆ. ಸಮುದ್ರ ಪಶ್ಚಿಮಕ್ಕೇ ಇತ್ತು. ಸೋಮವಾರ ಹೇಳಬಹುದಿತ್ತು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತ ವಾರ್ಷಿಕ ಪರೀಕ್ಷೆಯೇ ಬಂತು.

ಎಂಟರಲ್ಲಿ ಮೊದಲು ಬಂದ ಒಬ್ಬ ಹುಡುಗಿಗೆ ಮಾತ್ರ ರಾಯಚೂರಿನ ಹಾಸ್ಟೆಲ್ಲಿಗೆ ಶಿಫಾರಸು ಬರೆದುಕೊಡುವುದು ನಮ್ಮ ಹೆಡ್‌ಮಾಸ್ತರರ ರೂಢಿ. ಹಾಸ್ಟೆಲ್ಲು ಸಿಕ್ಕರಷ್ಟೇ ಮಗಳಿಗೆ ಓದು, ಇಲ್ಲದಿದ್ದರೆ ಕೂಲಿ ಎಂದು ಆ ಹಮಾಲ ನನ್ನೆದುರಿಗೇ ಹೇಳಿ ಹೋಗಿದ್ದ. ಪತ್ರಿಕೆಯಲ್ಲಿ ಪೋರ್ಚುಗಲ್ ನಕಾಶೆ ಬರೆಯಿರಿ ಎಂದು ಕೇಳಿದ್ದವರು ಹೆಡ್‌ಮಾಸ್ತರರೇ, ಗೋಡೆಯ ನಕಾಶೆ ನೋಡಿಕೊಂಡು. ಹತ್ತು ಅಂಕ. ಕ್ಲಾಸಿಗೆ ಕ್ಲಾಸೇ ಸಮುದ್ರವನ್ನು ಪೂರ್ವಕ್ಕೆ ಬರೆದಿತ್ತು. ಅವಳೊಬ್ಬಳು ಪಶ್ಚಿಮಕ್ಕೆ ಬರೆದಿದ್ದಳು. ಅವಳಿಗೆ ಅಂಕ ಕೊಟ್ಟರೆ ಉಳಿದವರದು ಕಳೆಯಬೇಕು, ಹೆಡ್‌ಮಾಸ್ತರರ ಮುಂದೆ ಬಾಯಿ ಬಿಡಬೇಕು. ನಾನು ಸೊನ್ನೆ ಹಾಕಿದೆ. ಗೊತ್ತಿದ್ದೇ ಹಾಕಿದೆ. ಅವಳು ನಾಲ್ಕು ಅಂಕ ಕಡಿಮೆ ಬಿದ್ದು ಎರಡನೆಯವಳಾದಳು.

ಎಂಬತ್ತರ ದಶಕದಲ್ಲಿ ನನಗೆ ದೇವದುರ್ಗಕ್ಕೆ ವರ್ಗವಾಯಿತು. ಅಲ್ಲಿ ಪೋರ್ಚುಗಲ್ಲನ್ನು ಪ್ರತಿ ವರ್ಷ ನೆಟ್ಟಗೆ ಬರೆದೆ, ಯಾರಾದರೂ ಎದ್ದು ನಿಂತರೆ ಪೂರಾ ಕೇಳಿಸಿಕೊಂಡೆ. ಇದನ್ನು ಹೇಳಿಕೊಳ್ಳುವಾಗಲೂ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಮಾನ್ವಿಯಲ್ಲಿ ಆ ವರ್ಷದ ಫಲಿತಾಂಶದ ದಿನ ಅವಳು ಮಾಸ್ತರರ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದಳು. ಜಗಳಕ್ಕೆ ಬಂದಳೆಂದು ಮುಖ ಗಂಟು ಹಾಕಿಕೊಂಡು ಕೂತೆ. ಅವಳು ತಲೆ ತಗ್ಗಿಸಿ ಅಂದಳು: "ನಾಳಿಂದ ಅವ್ವನ ಜೋಡಿ ಕೂಲಿಗಿ ಹೊಂಟೀನ್ರಿ. ಸಾರ್, ನೀವು ಬರದದ್ದೇ ಖರೆ ಇರಬೇಕ್ರಿ. ನಾನೇ ಏನೋ ತಪ್ಪು ನೋಡೀನಿ. ಸಿಟ್ಟು ಇಟ್ಕೋಬ್ಯಾಡ್ರಿ."

"ಆತು, ಇನ್ಮ್ಯಾಲ ನೆಟ್ಟಗ ನೋಡಿ ಬರಿ" ಅಂದೆ.