ಮಿರ್ಜಾನ ಮೂರು ಸುತ್ತು

ನಸುಕಿನ ನಮಾಜು ಮುಗಿಸಿದ ಮಿರ್ಜಾ ನೇರ ಮನೆಗೆ ಬರುವುದಿಲ್ಲ. ಬೀದಿಯ ಮೂಲೆಯ ರೊಟ್ಟಿ ಒಲೆಯ ಮುಂದೆ ಸಾಲಿನಲ್ಲಿ ನಿಂತು, ನಾಲ್ಕು ಬಿಸಿ ರೊಟ್ಟಿ, ಒಂದು ಡಬ್ಬಿ ಬೇಯಿಸಿದ ಕಡಲೆ ಹಿಡಿದುಕೊಂಡೇ ಬರುತ್ತಾನೆ. ಜ್ವರ ಬಂದಾಗಲೂ, ತಾಯಿ ತೀರಿಕೊಂಡ ಮರುದಿನವೂ ಅದನ್ನು ತಪ್ಪಿಸಿದವನಲ್ಲ. ಮೇ ತಿಂಗಳ ಆ ಶುಕ್ರವಾರವೂ ತಪ್ಪಿಸಲಿಲ್ಲ. ಆದರೆ ಅಂದು ರೊಟ್ಟಿಗೆ ಕೈಹಾಕುವ ಮೊದಲೇ ಕಪಾಟಿನಿಂದ ಪುಟ್ಟ ಕ್ಯಾಮೆರಾ ತೆಗೆದು ಅದರ ಗಾಜು ಒರೆಸುತ್ತ ಕುಳಿತ.

“ಕರ್ಬಲಾ ಯಾತ್ರೆ ಮಾಡಿ ಬಂದ ಕ್ಯಾಮೆರಾ ಅದು,” ಎಂದಳು ಹೆಂಡತಿ ಮಾಸೂಮಾ, ಚಹಾ ಸುರಿಯುತ್ತ. “ಕೊನೆಗೆ ನಿಮ್ ಕಾರಿನ ಸೀಟಿಗೆ ಕಟ್ಟಿಸ್ಕೊಳ್ಳೋದು ಅದರ ಹಣೇಲಿ ಬರೆದಿತ್ತು.”

“ಇವತ್ತೊಂದಿನ. ಆಮೇಲೆ ನಿಂಗೇ.”

“ನವೆಂಬರಲ್ಲೂ ಹೀಗೇ ಅಂದ್ರಿ.”

ಅವನು ಗಾಜನ್ನು ಇನ್ನೊಮ್ಮೆ ಒರೆಸಿದ. ಉತ್ತರಿಸಿದ್ದರೆ ಜಗಳವಾಗುತ್ತಿತ್ತು.

ಮಿರ್ಜಾನಿಗೆ ನಲವತ್ತಾರು. ಕೊಲ್ಲಿಯ ಸಿತ್ರಾ ದ್ವೀಪದ ಸುತ್ತಮುತ್ತಲ ಶಾಲೆಗಳ ಎಸಿ ರಿಪೇರಿ ಅವನ ಕೆಲಸ. ದಕ್ಷಿಣದ ಮರಳಿನಲ್ಲಿರುವ ರೇಸಿನ ರಸ್ತೆಯನ್ನು ತಿಂಗಳಿಗೊಮ್ಮೆ ಸಾಮಾನ್ಯರಿಗೂ ತೆರೆಯುತ್ತಾರೆ. ನಾಲ್ಕು ವರ್ಷಗಳಿಂದ ಅವನು ತನ್ನ ಹಳೆಯ ಬಿಳಿ ಕಾರಿನಲ್ಲಿ ಅಲ್ಲಿಗೆ ಹೋಗುತ್ತಿದ್ದ. ಆದರೆ ಇನ್ನೂ ನಿಧಾನದ ಗುಂಪಿನಲ್ಲೇ ಇದ್ದ. ಆ ಗುಂಪಿನಲ್ಲಿ ಯಾರೂ ಯಾರನ್ನೂ ಹಿಂದೆ ಹಾಕುವಂತಿಲ್ಲ. ನಿನ್ನೆ ಮೊನ್ನೆ ಕಲಿತವನ ಕಾರಿನ ಹಿಂಬದಿ ನೋಡಿಕೊಂಡೇ, ವೇಗ ಬಿಗಿಹಿಡಿದು ಓಡಿಸಬೇಕು. ವೇಗದ ಗುಂಪಿಗೆ ಸೇರಬೇಕಾದರೆ ಸತತ ಮೂರು ಸುತ್ತಿನ ವಿಡಿಯೊ ಚಿತ್ರವನ್ನು ಅಲ್ಲಿನ ಕ್ಲಬ್ಬಿಗೆ ತೋರಿಸಬೇಕು. ಅದರಲ್ಲಿ ಓಡಿಸುವವನ ಕೈ, ತಲೆ, ಕನ್ನಡಿ, ಮುಂದಿನ ರಸ್ತೆ ಎಲ್ಲವೂ ಕಾಣಬೇಕು.

ಆ ನಿಯಮಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ಒಬ್ಬನನ್ನು ಬರೀ ಪರಿಚಯದ ಮೇಲೆ ಸಹಿ ಹಾಕಿ ವೇಗದ ಗುಂಪಿಗೆ ಬಿಟ್ಟಿದ್ದರು. ಅವನು ಕನ್ನಡಿ ನೋಡದೆ ಪಕ್ಕಕ್ಕೆ ಹೊರಳಿ, ಮೀನು ಮಾರುವ ಅಬ್ದುಲ್ ರಸೂಲನ ಕಾರನ್ನು ಗೋಡೆಗೆ ತಳ್ಳಿದ. ರಸೂಲನನ್ನು ಕಾರಿನಿಂದ ಹೊರಗೆಳೆದವರಲ್ಲಿ ಮಿರ್ಜಾನೂ ಒಬ್ಬ. ರಸೂಲನ ಬಲ ಮುಂಗೈ ಇಂದಿಗೂ ಸರಿಯಾಗಿ ತಿರುಗುವುದಿಲ್ಲ.

ಕಾರಿನೊಳಗೆ ಫೋನು ಕೂಡದು. ಬೇರೆಯವರ ಹತ್ತಿರ ಇದಕ್ಕೆಂದೇ ಮಾಡಿದ ಕ್ಯಾಮೆರಾಗಳಿದ್ದವು. ಮನೆಯಲ್ಲೇ ಒಂದಿರುವಾಗ ಇನ್ನೊಂದೇಕೆ, ಕೆಟ್ಟದ್ದನ್ನು ಸರಿಮಾಡುವುದೇ ತನ್ನ ಕಸುಬಲ್ಲವೇ ಎಂಬುದು ಮಿರ್ಜಾನ ಹಟ. ಆ ಹಟ ಅವನನ್ನು ಅರೆದು ಹಾಕಿತು. ನವೆಂಬರಿನಲ್ಲಿ ಚಿತ್ರ ಜರಡಿ ಆಡಿಸಿದಂತೆ ನಡುಗಿತು. ತಾಮ್ರದ ಕೊಳವೆಗೆ ಹಾಕುವ ರಬ್ಬರಿನ ಹಿಡಿಕೆಗಳನ್ನು ಜೋಡಿಸಿ, ಮುಂದಿನ ಸೀಟಿನ ತಲೆದಿಂಬಿನ ಕಂಬಿಗೆ ಕ್ಯಾಮೆರಾ ಕಚ್ಚಿಸಿದ, ನಡುಕ ನಿಂತಿತು. ಜನವರಿಯಲ್ಲಿ ಚಿತ್ರವೂ ನಿಚ್ಚಳವಾಗಿ ಬಂತು, ಆದರೆ ಎರಡನೇ ಸುತ್ತಿನಲ್ಲಿ ಯಾರದೋ ಕಾರು ಎಣ್ಣೆ ಸುರಿಸಿ, ಎಲ್ಲರನ್ನೂ ಹೊರಗೆ ಕರೆದರು. ಮಾರ್ಚ್, ಏಪ್ರಿಲ್ ಎರಡರಲ್ಲೂ ಹಾಲು ಚೆಲ್ಲಿದಂಥ ಬಿಳುಪು. ಒಂದೂವರೆ ಸುತ್ತು ಹಾಗೇ ಇದ್ದು ಆಮೇಲೆ ತಾನಾಗಿ ತಿಳಿಯಾಗುತ್ತಿತ್ತು. ಫೋಟೋಗೆಂದು ಮಾಡಿದ ಆ ಕ್ಯಾಮೆರಾ ಸರಿಯಾಗಿ ಹತ್ತು ನಿಮಿಷಕ್ಕೆ ಚಿತ್ರ ನಿಲ್ಲಿಸಿಬಿಡುತ್ತಿತ್ತು. ಮೂರು ಸುತ್ತಿಗೆ ಒಂಬತ್ತು ನಿಮಿಷ. ಮೊದಲ ಸುತ್ತು ಹಾಳಾದರೆ ಎಲ್ಲವೂ ಹಾಳು. ಓಡುತ್ತಿರುವಾಗ ಗುಂಡಿ ಒತ್ತಲು ಸ್ಟೀರಿಂಗಿನಿಂದ ಕೈ ತೆಗೆದರೆ ಆ ತಪ್ಪಿಗೇ ಹೊರಗೆ ಹಾಕುತ್ತಾರೆ.

ಬಿಸಿಲಿನ ಹೊಳಪೇ ಕಾರಣವಿರಬಹುದೆಂದು ಮುಂದಿನ ಗಾಜಿನ ಕೆಳಗೆ ಕಪ್ಪು ಬಟ್ಟೆ ಅಂಟಿಸಿದ. ಧೂಳಿರಬಹುದೆಂದು ಕಾರಿನ ಒಳಗನ್ನೆಲ್ಲ ತೊಳೆದ. ಇನ್ನು ಉಳಿದದ್ದು ಈ ಶುಕ್ರವಾರ. ಇದು ತಪ್ಪಿದರೆ ಬೇಸಿಗೆಗೆ ಬಾಗಿಲು ಮುಚ್ಚಿ ಮತ್ತೆ ತೆರೆಯುವುದು ಅಕ್ಟೋಬರಿನಲ್ಲೇ.

ಮಧ್ಯಾಹ್ನ ನಾಲ್ಕಕ್ಕೆ ಕಾರುಗಳ ಸಾಲು ಗೇಟಿನತ್ತ ತೆವಳುತ್ತಿತ್ತು. ಸಮುದ್ರದ ಕಡೆಯ ಗಾಳಿ ಒದ್ದೆ ಬಟ್ಟೆಯಂತೆ ಮೈಗೆ ಅಂಟುತ್ತಿತ್ತು. ಗಾಜು ಏರಿಸಿ, ಎಸಿಯನ್ನು ಕೊನೆಯವರೆಗೆ ತಿರುಗಿಸಿ ಗಂಡ ಹೆಂಡತಿ ಕುಳಿತಿದ್ದರು. ಮೇ ತಿಂಗಳಲ್ಲಿ ಎಸಿ ಆರಿಸಿ ಕೂರುವವನ ತಲೆ ಸರಿಯಿಲ್ಲವೆನ್ನುತ್ತಾರೆ ನಮ್ಮಲ್ಲಿ.

ಗೇಟಿನಲ್ಲಿ ಕಾವಲಿನವನು ಗಾಜು ತಟ್ಟಿದ. “ಗಾಜು ಇಳಿಸು, ಎಸಿ ಆರಿಸು. ಜೊತೇಲಿರೋರು ಇಳೀರಿ.”

“ಕ್ಯಾಮೆರಾ ಗುಂಡಿ ಒತ್ತು,” ಎಂದ ಮಿರ್ಜಾ. ಮಾಸೂಮಾ ಒತ್ತಿದಳು, ಅವನು ಗಾಜು ಇಳಿಸಿ ಎಸಿ ಆರಿಸಿದ, ಅವಳು ಇಳಿದಳು. ಅವನು ಬಿಸ್ಮಿಲ್ಲಾ ಎಂದು ಹೊರಟ.

ಅಷ್ಟು ಚೆನ್ನಾಗಿ ಅವನು ಎಂದೂ ಓಡಿಸಿರಲಿಲ್ಲ. ಮುಂದೆ ಯಾರೂ ಅಡ್ಡ ಬರಲಿಲ್ಲ. ತಿರುವುಗಳು ಒಂದಾದ ಮೇಲೊಂದು ಕೈಗೆ ಬಂದು ಕೂತವು. ಮುಗಿಸಿ ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು.

ಕ್ಲಬ್ಬಿನ ಕಾರ್ಯದರ್ಶಿ ಖಲಫ್ ನೆರಳಿನಲ್ಲಿ ಮೇಜು ಹಾಕಿಕೊಂಡು ಕೂತಿದ್ದ. ಇಬ್ಬರೂ ತಲೆ ತಾಗಿಸಿ ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆ ನೋಡಿದರು. ಮೊದಲು ಗೇಟು ಕಂಡಿತು. ಗಾಜು ಇಳಿದ ಸದ್ದು ಕೇಳಿತು. ಕ್ಷಣದಲ್ಲೇ ಎಲ್ಲ ಬೆಳ್ಳಗಾಯಿತು. ಆ ಬಿಳುಪಿನೊಳಗಿಂದ, ಇಳಿಯುತ್ತ ಕಾವಲಿನವನಿಗೆ ಹೇಳುವ ಮಾಸೂಮಾಳ ದನಿ: “ತಾಳಪ್ಪ, ಕೈ ಹಿಡ್ಕೋ. ಕನ್ನಡಕ ಮಂಜಾಯ್ತು, ಏನೂ ಕಾಣ್ತಿಲ್ಲ.”

ಮಿರ್ಜಾ ಚಿತ್ರ ನಿಲ್ಲಿಸಿದ. ಹಿಂದಕ್ಕೆ ಸರಿಸಿ ಮತ್ತೆ ಅದನ್ನೇ ಕೇಳಿದ. ಅವನ ಕಿವಿ ಬಿಸಿಯಾಯಿತು.

“ಬೂ ಅಮ್ಮಾರ್,” ಎಂದ ಖಲಫ್, ಮಗನ ಹೆಸರಿನಿಂದ ಅಪ್ಪನನ್ನು ಕರೆಯುವ ನಮ್ಮ ರೂಢಿಯಂತೆ, ನಗು ತಡೆಯುತ್ತ, “ನಿನ್ ಕಸುಬು ಯಾವ್ದು ಅಂದೆ?”

“ಹೇಳ್ಬೇಡ.”

“ಅಲ್ಲ, ಕೇಳ್ದೆ ಅಷ್ಟೆ.”

“ನಂಗೊತ್ತು, ಬಾಯ್ಮುಚ್ಚು.”

ಐದು ತಿಂಗಳಿಗೊಮ್ಮೆಯಾದರೂ ಯಾವುದಾದರೊಂದು ಶಾಲೆಯ ಮೇಡಂ, ಎಸಿ ನೀರು ತೊಟ್ಟಿಕ್ಕುತ್ತದೆ ಎಂದು ಅವನನ್ನು ಗದರುತ್ತಿದ್ದಳು. ತಣ್ಣನೆಯ ಕೊಳವೆಗೆ ತೇವದ ಗಾಳಿ ತಗುಲಿದರೆ ಬೆವರುತ್ತದೆ ತಾಯಿ ಎಂದು ಅವನು ತಾಳ್ಮೆಯಿಂದ ಬಿಡಿಸಿ ಹೇಳುತ್ತಿದ್ದ. ಅದೇ ಮಾತು ಕ್ಯಾಮೆರಾದ ಗಾಜಿಗೂ ಸಲ್ಲುತ್ತದೆಂದು ಮೂರು ತಿಂಗಳು ಹೊಳೆಯಲಿಲ್ಲ. ಅದರ ಬದಲು ಕಪ್ಪು ಬಟ್ಟೆ ಅಂಟಿಸುತ್ತ ಕೂತಿದ್ದ. ಬೈಯುವುದಕ್ಕೂ ಅವನಿಗೆ ತನ್ನನ್ನು ಬಿಟ್ಟು ಇನ್ನೊಬ್ಬರು ಸಿಗಲಿಲ್ಲ.

ಉಳಿದ ಒಂದೂವರೆ ಸುತ್ತನ್ನು ಖಲಫ್ ಕೊನೆಯವರೆಗೂ ನೋಡಿದ. ಆಮೇಲೆ ಕಾಗದವೊಂದನ್ನು ಮುಂದಕ್ಕೆಳೆದು ಪೆನ್ನು ಬಿಚ್ಚಿದ.

“ಕಂಡಷ್ಟರಲ್ಲಿ ಒಂದ್ ಸಲಾನೂ ಕನ್ನಡಿ ತಪ್ಪಿಸಿಲ್ಲ ನೀನು. ನಾಲ್ಕು ವರ್ಷದಿಂದ ನಾವೇನು ನಿನ್ನ ನೋಡಿಲ್ವಾ? ನಾ ಸಹಿ ಹಾಕ್ತೀನಿ. ಐದಕ್ಕೆ ವೇಗದ ಗುಂಪಿನ ಕೊನೇ ಸರದಿ. ಹೋಗು, ಹೆಲ್ಮೆಟ್ ಹಾಕ್ಕೋ.”

ಗೋಡೆಯಾಚೆ ವೇಗದ ಗುಂಪಿನ ಕಾರುಗಳು ಆಗಲೇ ಗುರುಗುಟ್ಟುತ್ತಿದ್ದವು. ಮಿರ್ಜಾ ಅತ್ತ ತಿರುಗಿ ನೋಡಿದ. ಕಾಗದವನ್ನು ಕೈಗೆತ್ತಿಕೊಂಡ. ‘ಮೂರು ಸುತ್ತನ್ನೂ ಕಣ್ಣಾರೆ ನೋಡಿದ್ದೇನೆ’ ಎಂದು ಅದರಲ್ಲಿ ಅಚ್ಚಾಗಿತ್ತು. ಎರಡು ಸಲ ಓದಿದ.

“ಮೊದಲ ಸುತ್ತಲ್ಲಿ ನಾನು ಕನ್ನಡಿ ನೋಡಿದ್ನಾ?” ಎಂದು ಕೇಳಿದ.

“ನೋಡಿರ್ತೀಯ.”

“ನಂಗೇ ನೆನಪಿಲ್ಲ. ಖುಷೀಲಿ ಓಡಿಸ್ತಿದ್ದೆ.”

“ಇಷ್ಟೆಲ್ಲ ಕೊರೀಬೇಡ ಮಾರಾಯ. ಅಕ್ಟೋಬರ್ ತನಕ ಕಾಯ್ತೀಯ? ಆ ಬಿಸಿಲಲ್ಲಿ ಶಾಲೆ ಛಾವಣಿ ಮೇಲೆ ಕೂತ್ಕೊಂಡು?”

“ರಸೂಲನ್ನ ಗುದ್ದಿದವನಿಗೆ ಸಹಿ ಹಾಕಿದ್ದೂ ಒಳ್ಳೇ ಮನಸ್ಸಿಂದಾನೇ.”

ಖಲಫ್ ಕಾಗದಕ್ಕೆ ಕೈಚಾಚಿದ. ಇನ್ನೊಂದು ಕೈಯಲ್ಲಿ ಪೆನ್ನು ಹಾಗೇ ಇತ್ತು.

ಮಿರ್ಜಾನಿಗೆ ತನ್ನ ಮೇಲೇ ಅಳು ಬರುವಷ್ಟು ಸಿಟ್ಟಿತ್ತು. ಕಾಗದವನ್ನು ಮೇಜಿನ ಮೇಲಿಟ್ಟು, ಎರಡು ಬೆರಳಿನಿಂದ ಖಲಫನ ಕಡೆಗೆ ತಳ್ಳಿದ.

“ಬೇಡ, ಬೂ ರಾಶಿದ್. ಪೆನ್ನು ಮುಚ್ಚು.”